ದೂರದ ಗುರಿಗೆ ಒಳ್ಳೆಯ ಸ್ಕೋಪ್: ಕೊಳ್ಳುವ ಮುನ್ನ ತಿಳಿಯಬೇಕಾದ ಲೆಕ್ಕ

ದೀಪಾವಳಿ ರಜೆ ಮುಗಿದು ಶಾಲೆ ಆರಂಭವಾದ ಮರುದಿನ ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ ಶಾಲೆಗೆ ಬಂದಿದ್ದರು. ಜತ್ತ ತಾಲೂಕಿನ ಒಣಭೂಮಿಯ ರೈತರು. ಮಗಳು ಎನ್‌ಸಿಸಿ ಶಿಬಿರದಲ್ಲಿ 0.22 ರೈಫಲ್‌ನಿಂದ 25 ಮೀಟರ್ ದೂರದ ಗುರಿಗೆ ಚೆನ್ನಾಗಿ ಹೊಡೆದಿದ್ದಳು. ಅಂದಿನಿಂದ ಮನೆಯಲ್ಲಿ ಅದೇ ಮಾತು. ತಂದೆ ಮೊಬೈಲ್ ತೆಗೆದು ಒಂದು ಜಾಹೀರಾತು ತೋರಿಸಿದರು. ಕಪ್ಪು ಕೊಳವೆಯಾಕಾರದ ಸ್ಕೋಪ್, ಮೇಲೆ ದೊಡ್ಡಕ್ಷರದಲ್ಲಿ "40 ಪಟ್ಟು" ಎಂಬ ಬರಹ.

"ಗುರುಗಳ, ಇದನ್ನ ತಗೊಂಡ್ರ ಮಗಳಿಗೆ ಮುಂದ ಉಪಯೋಗ ಆಗತೈತೇನ್ರಿ? ಇಲ್ಲಾಂದ್ರ ರೊಕ್ಕ ನೀರಾಗ ಹಾಕಿದಂಗ ಆಗತೈತೇನು?" ಎಂದು ಕೇಳಿದರು. ಪೇಟೆಯ ಅಂಗಡಿಯೊಂದರಲ್ಲಿಯೂ ಅವರು ಇದೇ ಪ್ರಶ್ನೆ ಕೇಳಿದ್ದರಂತೆ. "ಕನ್ನಡ ಶಾಲೆಯ ಹುಡುಗಿಗೆ ಇದರ ಲೆಕ್ಕ ತಿಳಿಯುವುದಿಲ್ಲ, ದೊಡ್ಡ ಸಂಖ್ಯೆಯದನ್ನು ಕೊಂಡುಬಿಡಿ" ಎಂಬ ಉತ್ತರ ಸಿಕ್ಕಿತಂತೆ. ತಂದೆ ಅದನ್ನು ಹೇಳುವಾಗ ಮಗಳು ತಲೆ ತಗ್ಗಿಸಿ ನಿಂತಿದ್ದಳು.

ನಾನು ಬಂದೂಕು ಹಿಡಿದವನಲ್ಲ. ಮಕ್ಕಳಿಗೆ ವಿಜ್ಞಾನ ಕಲಿಸುವವನು. ಆದರೆ ಆ ಮಾತು ನನ್ನನ್ನು ಚುಚ್ಚಿತು. ವಿಷಯವನ್ನು ಓದಿ ತಿಳಿದುಕೊಂಡೆ. ಸ್ಕೋಪ್‌ನ ಲೆಕ್ಕವೆಲ್ಲವೂ ನಮ್ಮ ಮಕ್ಕಳ ಕನ್ನಡ ಪಠ್ಯಪುಸ್ತಕದ ಮಸೂರ ಮತ್ತು ವೃತ್ತದ ಪಾಠಗಳ ಮುಂದುವರಿಕೆಯೇ ಆಗಿದೆ. ಇಂಥ ಪ್ರಶ್ನೆ ಇತರ ಮನೆಗಳಲ್ಲಿಯೂ ಏಳುತ್ತಿರುವುದರಿಂದ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಸ್ಕೋಪ್ ಬೇಕೇ?

ಒಲಿಂಪಿಕ್ ಮಾದರಿಯ ರೈಫಲ್ ಸ್ಪರ್ಧೆಗಳಲ್ಲಿ, ಅಂದರೆ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ, ರೈಫಲ್ ಮೇಲೆ ದೂರದರ್ಶಕವನ್ನು ಕೂರಿಸಲು ಅನುಮತಿಯೇ ಇಲ್ಲ. ಅಲ್ಲಿ ಬಳಸುವುದು ಹಿಂದೊಂದು ಸಣ್ಣ ರಂಧ್ರ, ಮುಂದೊಂದು ಬಳೆ ಇರುವ ಪೀಪ್ ಸೈಟ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಹಾಗೆಯೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದೂ ಹಾಗೆಯೇ. 10 ಮೀಟರ್ ಏರ್ ರೈಫಲ್ ಗುರಿಯ ನಡುವಿನ ಹತ್ತು ಅಂಕಗಳ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್. ಅದನ್ನು ಹೊಡೆಯುವುದು ದೇಹದ ಸ್ಥಿರತೆ, ಉಸಿರಿನ ಹಿಡಿತ ಮತ್ತು ಅಭ್ಯಾಸದಿಂದ, ಮಸೂರದಿಂದಲ್ಲ.

ಆದ್ದರಿಂದ ಮಗು ಆ ದಾರಿಯಲ್ಲಿ ಹೋಗಬೇಕೆಂದಿದ್ದರೆ ಸ್ಕೋಪ್‌ಗೆ ಹಣ ಹಾಕಬೇಕಾಗಿಲ್ಲ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು: ನಮ್ಮ ದೇಶದಲ್ಲಿ ಬಂದೂಕುಗಳು 1959ರ ಆಯುಧ ಕಾಯ್ದೆಗೆ ಒಳಪಟ್ಟಿವೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಇಲ್ಲಿ ಹೇಳುವುದೆಲ್ಲ ಕಾಗದದ ಗುರಿಗೆ ಹೊಡೆಯುವ ಕ್ರೀಡೆಯ ಮಾತು.

ಸ್ಕೋಪ್ ಬೇಕಾಗುವ ಕ್ರೀಡೆ

ಹಾಗಾದರೆ ಸ್ಕೋಪ್ ಯಾರಿಗೆ ಬೇಕು? ಅತಿ ದೂರದ ಗುರಿಗೆ ಹೊಡೆಯುವವರಿಗೆ. ಅಂಥ ಕ್ರೀಡೆಗಳಲ್ಲಿ ಪ್ರಸಿದ್ಧವಾದುದು ಎಫ್-ಕ್ಲಾಸ್. ಇದು ಕೆನಡಾದಲ್ಲಿ ಹುಟ್ಟಿತು. ಜಾರ್ಜ್ ಫರ್ಕಹರ್ಸನ್ ಎಂಬ ಹಿರಿಯ ಶೂಟರ್‌ರ ಹೆಸರಿನ ಮೊದಲ ಅಕ್ಷರವೇ ಅದರ ಹೆಸರಾಯಿತು. ವಯಸ್ಸಾಗಿ ಕಣ್ಣು ಮಂಜಾದವರೂ ಕ್ರೀಡೆಯಲ್ಲಿ ಉಳಿಯಲೆಂದು ಸ್ಕೋಪ್‌ಗೆ ಮತ್ತು ರೈಫಲ್‌ನ ಮುಂಭಾಗಕ್ಕೆ ಆಸರೆ ಕೊಡುವುದಕ್ಕೆ ಅದರಲ್ಲಿ ಅವಕಾಶ ಮಾಡಿದರು. ಇಂಗ್ಲೆಂಡಿನ ಬಿಸ್ಲಿ, ಕೆನಡಾದ ಒಟ್ಟಾವ ಬಳಿಯ ಕನಾಟ್ ಮೊದಲಾದ ಮೈದಾನಗಳಲ್ಲಿ ಈ ಸ್ಪರ್ಧೆಗಳು ನಡೆಯುತ್ತವೆ. ಸಾವಿರ ಗಜದ, ಅಂದರೆ 914 ಮೀಟರ್ ದೂರದ ಗುರಿಯಲ್ಲಿ ನಡುವಿನ ಅತಿ ಚಿಕ್ಕ ವೃತ್ತದ ವ್ಯಾಸ 5 ಇಂಚು. ಅದರ ಹೊರಗಿನದು 10 ಇಂಚು. ಸುಮಾರು ಒಂದು ಕಿಲೋಮೀಟರ್ ಆಚೆ ಇಟ್ಟ ಊಟದ ತಟ್ಟೆಯನ್ನು ಊಹಿಸಿಕೊಳ್ಳಿ. ಅದು ಬರಿಗಣ್ಣಿಗೆ ತೋರುವುದಿಲ್ಲ. ಇಲ್ಲಿ ಸ್ಕೋಪ್ ಅನಿವಾರ್ಯ; ಅದರ ಗುಣಮಟ್ಟದ ಪರೀಕ್ಷೆಯೂ ಇಲ್ಲಿಯೇ.

ಒಳಗೆ ಏನಿದೆ?

ಸ್ಕೋಪ್ ಎಂದರೆ ಒಂದು ಸಣ್ಣ ದೂರದರ್ಶಕ. ಮುಂದಿನ ವಸ್ತು ಮಸೂರವು ದೂರದ ಗುರಿಯ ತಲೆಕೆಳಗಾದ ಬಿಂಬವನ್ನು ತನ್ನ ಸಂಗಮದೂರದಲ್ಲಿ ಮೂಡಿಸುತ್ತದೆ. ನಡುವಿನ ಮಸೂರಗಳು ಆ ಬಿಂಬವನ್ನು ನೇರಗೊಳಿಸುತ್ತವೆ. ಹಿಂದಿನ ನೇತ್ರ ಮಸೂರವು ಅದನ್ನು ಹಿಗ್ಗಿಸಿ ಕಣ್ಣಿಗೆ ಕೊಡುತ್ತದೆ. ಬಿಂಬ ಮೂಡುವ ಜಾಗದಲ್ಲಿಯೇ ಅಡ್ಡ ಮತ್ತು ಉದ್ದ ಗೆರೆಗಳನ್ನು ಇಟ್ಟಿರುತ್ತಾರೆ. ಇದಕ್ಕೆ ರೆಟಿಕಲ್ ಎಂದು ಹೆಸರು. ಗುರಿಯೂ ಗೆರೆಯೂ ಒಂದೇ ಸಮತಲದಲ್ಲಿ ಕಾಣುವುದರಿಂದ ಕಣ್ಣು ಹತ್ತಿರಕ್ಕೂ ದೂರಕ್ಕೂ ಓಡಾಡಬೇಕಾಗಿಲ್ಲ. ಇದೇ ಸ್ಕೋಪ್‌ನ ಮುಖ್ಯ ಉಪಕಾರ. ದೊಡ್ಡದಾಗಿ ತೋರಿಸುವುದು ಎರಡನೆಯದು.

"40 ಪಟ್ಟು" ಎಂಬ ಮೋಸ

ಸ್ಕೋಪ್ ಮೇಲೆ 5-25×56 ಎಂಬಂಥ ಸಂಖ್ಯೆ ಇರುತ್ತದೆ. ಗುರಿಯನ್ನು 5ರಿಂದ 25 ಪಟ್ಟಿನವರೆಗೆ ಹಿಗ್ಗಿಸಬಹುದು, ಮುಂದಿನ ಮಸೂರದ ವ್ಯಾಸ 56 ಮಿಲಿಮೀಟರ್ ಎಂದು ಅದರ ಅರ್ಥ. ಈಗ ಒಂದು ಭಾಗಾಕಾರ ಮಾಡಿ: 56ನ್ನು 25ರಿಂದ ಭಾಗಿಸಿದರೆ ಸುಮಾರು 2.2. ನೇತ್ರ ಮಸೂರದಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ವ್ಯಾಸ ಅಷ್ಟು ಮಿಲಿಮೀಟರ್. ನಮ್ಮ ಕಣ್ಣಿನ ಪಾಪೆ ಹಗಲಿನಲ್ಲಿ ಸುಮಾರು 2ರಿಂದ 3 ಮಿಲಿಮೀಟರ್ ತೆರೆದಿರುತ್ತದೆ; ಕತ್ತಲೆಯಲ್ಲಿ ಎಳೆಯರ ಪಾಪೆ 7 ಮಿಲಿಮೀಟರ್‌ವರೆಗೂ ಹಿಗ್ಗುತ್ತದೆ. 2.2 ಹಗಲಿಗೆ ಸಾಕು.

ಜಾಹೀರಾತಿನ ಸ್ಕೋಪ್‌ನ ಮುಂದಿನ ಮಸೂರ 50 ಮಿಲಿಮೀಟರ್ ಇತ್ತು. 40ರಿಂದ ಭಾಗಿಸಿದರೆ 1.25. ಚಿತ್ರ ಮಬ್ಬಾಗುತ್ತದೆ; ತಲೆ ಕೂದಲೆಳೆಯಷ್ಟು ಸರಿದರೂ ಚಿತ್ರ ಮಾಯವಾಗುತ್ತದೆ. ಉತ್ತಮ ಗಾಜಿನ ಎಫ್-ಕ್ಲಾಸ್ ಸ್ಕೋಪ್‌ಗಳಲ್ಲಿ 55 ಪಟ್ಟಿನವರೆಗಿನವೂ ಇವೆ ಎಂಬುದು ನಿಜ. ಆದರೆ ಅವನ್ನು ಬಳಸುವವರು ಆಸರೆಯ ಮೇಲೆ ರೈಫಲ್ ಇಟ್ಟು, ಪ್ರಖರ ಬೆಳಕಿನಲ್ಲಿ, ಅಲುಗಾಡದೆ ಮಲಗಿ ಹೊಡೆಯುವವರು. ಅವರೂ ಮಧ್ಯಾಹ್ನ ಏರಿದಂತೆ ವರ್ಧನೆಯನ್ನು ಇಳಿಸುತ್ತಾರೆ. ಕಾರಣ ನಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತು: ಬಿಸಿಲುಗುದುರೆ. ಕಾದ ನೆಲದಿಂದ ಏಳುವ ಗಾಳಿಯ ಅಲೆಯನ್ನೂ ಸ್ಕೋಪ್ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಗುರಿ ನೀರಿನೊಳಗಿನ ನಾಣ್ಯದಂತೆ ಕುಣಿಯತೊಡಗುತ್ತದೆ. ಆಗ ಪಟ್ಟು ಹೆಚ್ಚಿದಷ್ಟೂ ಕಷ್ಟ.

ಗಾಜು ಮತ್ತು ಲೇಪನ

ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಸ್ಕೋಪ್ ಒಳಗೆ 8 ಮಸೂರಗಳಿವೆ ಎಂದುಕೊಳ್ಳೋಣ. ಅಂದರೆ 16 ಮೈಗಳು. ಪ್ರತಿ ಮೈ ದಾಟಿದಾಗ ಉಳಿಯುವುದು 0.96 ಪಾಲು. ಅದನ್ನು 16 ಸಲ ಗುಣಿಸಿದರೆ ಕಣ್ಣಿಗೆ ತಲುಪುವುದು ನೂರಕ್ಕೆ 52 ಮಾತ್ರ. ಪ್ರತಿ ಮೈಗೂ ಉತ್ತಮ ಲೇಪನ ಮಾಡಿ ಆ ನಷ್ಟವನ್ನು ಅರ್ಧ ಪಾಲಿಗೆ ಇಳಿಸಿದರೆ ತಲುಪುವುದು ನೂರಕ್ಕೆ 92. ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ಇಂಥ ಲೇಪನವನ್ನು ರೂಪಿಸಿದರು. ಇಂದಿಗೂ ಒಳ್ಳೆಯ ಸ್ಕೋಪ್‌ಗೂ ಕಳಪೆ ಸ್ಕೋಪ್‌ಗೂ ಇರುವ ಬೆಲೆಯ ಅಂತರದಲ್ಲಿ ಇದರದೊಂದು ಪಾಲಿದೆ. ವಿವರಪಟ್ಟಿಯಲ್ಲಿ "ಕೋಟೆಡ್" ಎಂದಷ್ಟೇ ಇದ್ದರೆ ಯಾವುದೋ ಒಂದು ಮೈಗೆ ಒಂದು ಪದರ ಬಳಿದಿರಬಹುದು. "ಫುಲ್ಲಿ ಮಲ್ಟಿಕೋಟೆಡ್" ಎಂದರೆ ಗಾಳಿಗೆ ತಾಗುವ ಎಲ್ಲ ಮೈಗಳಿಗೂ ಹಲವು ಪದರಗಳು.

ಗಾಜಿನ ಗುಣವನ್ನು ಬರಿಗಣ್ಣಿನಿಂದಲೇ ಪರೀಕ್ಷಿಸಬಹುದು. ಬೆಳಗಿನ ಆಕಾಶದ ಎದುರು ನಿಂತ ವಿದ್ಯುತ್ ಕಂಬದ ಅಂಚನ್ನು ನೋಡಿ. ಅಂಚಿನಲ್ಲಿ ನೇರಳೆ ಅಥವಾ ಹಳದಿ ಬಣ್ಣದ ಗೆರೆ ಎದ್ದು ಕಂಡರೆ ಮಸೂರವು ಬಣ್ಣಗಳನ್ನು ಒಂದೇ ಬಿಂದುವಿಗೆ ತರಲಾರದೆ ಸೋತಿದೆ ಎಂದರ್ಥ. ಚಿತ್ರದ ನಡುಭಾಗ ಸ್ಪಷ್ಟವಾಗಿದ್ದು ಅಂಚುಗಳು ಕಲಸಿದಂತಿದ್ದರೂ ಅದೇ ತೀರ್ಪು.

ಕೊಳವೆಯ ದಪ್ಪದ ಬಗೆಗೂ ಒಂದು ತಪ್ಪುಕಲ್ಪನೆಯಿದೆ. 1 ಇಂಚು, 30 ಅಥವಾ 34 ಮಿಲಿಮೀಟರ್ ಕೊಳವೆಗಳಿರುತ್ತವೆ. ದಪ್ಪ ಕೊಳವೆ ಹೆಚ್ಚು ಬೆಳಕು ತರುವುದಿಲ್ಲ. ಒಳಗೆ ರೆಟಿಕಲ್ ಸರಿದಾಡಲು ಹೆಚ್ಚು ಜಾಗ ಕೊಡುತ್ತದೆ ಅಷ್ಟೆ. ಆ ಜಾಗ ಏಕೆ ಬೇಕೆಂಬುದನ್ನು ಮುಂದೆ ನೋಡೋಣ.

ವೃತ್ತದ ಪಾಠದ ಲೆಕ್ಕ

ಕೈಯನ್ನು ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಲು ಮಗುವಿಗೆ ಹೇಳಿ. ಬೆರಳಿನ ಅಗಲ 2 ಸೆಂಟಿಮೀಟರ್, ಕಣ್ಣಿನಿಂದ ದೂರ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 2ನ್ನು 60ರಿಂದ ಭಾಗಿಸಿದರೆ 0.033, ಅಂದರೆ ಸಾವಿರಕ್ಕೆ 33. ಆ ಬೆರಳು 100 ಮೀಟರ್ ಆಚೆ 3.3 ಮೀಟರ್ ಅಗಲವನ್ನು ಮರೆಮಾಡುತ್ತದೆ. ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿ ಕೋನವನ್ನು ಅಳೆಯುವ ಕ್ರಮ ಇದು. ಸಾವಿರಕ್ಕೆ ಒಂದು ಪಾಲಿನ ಕೋನಕ್ಕೆ ಮಿಲ್ ಎಂದು ಹೆಸರು. 1 ಮಿಲ್ ಎಂದರೆ 100 ಮೀಟರ್‌ನಲ್ಲಿ 10 ಸೆಂಟಿಮೀಟರ್, 1000 ಮೀಟರ್‌ನಲ್ಲಿ 1 ಮೀಟರ್.

ಇನ್ನೊಂದು ಅಳತೆ ಎಂಒಎ. ಇದು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು. 100 ಮೀಟರ್‌ನಲ್ಲಿ ಸುಮಾರು 2.9 ಸೆಂಟಿಮೀಟರ್, 1000 ಗಜದಲ್ಲಿ ಸುಮಾರು 10.5 ಇಂಚು.

ಸ್ಕೋಪ್‌ನ ಮೇಲೆ ಮತ್ತು ಬಲಬದಿಯಲ್ಲಿ ತಿರುಗುವ ಗುಂಡಿಗಳಿರುತ್ತವೆ. ಮೇಲಿನದು ಎತ್ತರಕ್ಕೆ, ಬದಿಯದು ಗಾಳಿಯ ಸೆಳೆತಕ್ಕೆ. ತಿರುಗಿಸಿದಾಗ "ಟಿಕ್" ಎಂಬ ಸದ್ದಿನೊಂದಿಗೆ ಒಂದೊಂದೇ ಹೆಜ್ಜೆ ಸರಿಯುತ್ತದೆ. ಮಿಲ್ ಸ್ಕೋಪ್‌ನಲ್ಲಿ ಒಂದು ಹೆಜ್ಜೆ ಸಾಮಾನ್ಯವಾಗಿ 0.1 ಮಿಲ್, ಅಂದರೆ 100 ಮೀಟರ್‌ನಲ್ಲಿ 1 ಸೆಂಟಿಮೀಟರ್. ಎಫ್-ಕ್ಲಾಸ್ ಸ್ಕೋಪ್‌ಗಳಲ್ಲಿ ಎಂಒಎಯ ಎಂಟನೆಯ ಒಂದು ಪಾಲಿನ ಹೆಜ್ಜೆಗಳೂ ಉಂಟು. ಸಾವಿರ ಗಜದಲ್ಲಿ ಅದು ಸುಮಾರು 3.3 ಸೆಂಟಿಮೀಟರ್. ಎರಡು ಅಳತೆಗಳಲ್ಲಿ ಯಾವುದನ್ನು ಆರಿಸಿಕೊಂಡರೂ ದೋಷವಿಲ್ಲ. ಆದರೆ ರೆಟಿಕಲ್‌ನ ಗೆರೆಗಳು ಮಿಲ್‌ನಲ್ಲಿಯೂ ಗುಂಡಿಗಳು ಎಂಒಎಯಲ್ಲಿಯೂ ಇರುವ ಸ್ಕೋಪ್ ಕೊಳ್ಳಬಾರದು. ಸೇರಿನಲ್ಲಿ ಅಳೆದು ಕಿಲೋದಲ್ಲಿ ಲೆಕ್ಕ ಬರೆದಂತೆ, ಅವಸರದಲ್ಲಿ ತಪ್ಪು ಖಂಡಿತ.

ನಿಜವಾದ ಪರೀಕ್ಷೆ

ಗುಂಡು ನೇರವಾಗಿ ಹೋಗುವುದಿಲ್ಲ. ಎಸೆದ ಕಲ್ಲಿನಂತೆ ಬಾಗಿ ಬೀಳುತ್ತದೆ. ಎಫ್-ಕ್ಲಾಸ್‌ನಲ್ಲಿ ಬಳಕೆಯಲ್ಲಿರುವ .308 ಅಳತೆಯ ಗುಂಡಿಗೆ 100 ಗಜಕ್ಕೆ ಹೊಂದಿಸಿದ ಸ್ಕೋಪ್ ಅನ್ನು 1000 ಗಜಕ್ಕೆ ಒಯ್ಯಲು ಸುಮಾರು 30ರಿಂದ 40 ಎಂಒಎ ಏರಿಸಬೇಕಾಗುತ್ತದೆ. ಅಂದರೆ ಅಷ್ಟು ದೂರದಲ್ಲಿ ಸುಮಾರು 8ರಿಂದ 10.6 ಮೀಟರ್ ಎತ್ತರದ ವ್ಯತ್ಯಾಸ. ದಪ್ಪ ಕೊಳವೆಯ ಒಳಗಿನ ಜಾಗ ಬೇಕಾಗುವುದು ಇದಕ್ಕೆ.

ಗುಂಡಿಯು ಹೇಳಿದಷ್ಟು ಸರಿಯುತ್ತದೆಯೇ ಎಂಬುದೇ ಸ್ಕೋಪ್‌ನ ಪ್ರಾಣ. 35 ಎಂಒಎ ತಿರುಗಿಸಿದಾಗ ನೂರಕ್ಕೆ 3ರಷ್ಟು ಸುಳ್ಳು ಹೇಳಿದರೆ ತಪ್ಪು 1.05 ಎಂಒಎ, ಸಾವಿರ ಗಜದಲ್ಲಿ ಸುಮಾರು 28 ಸೆಂಟಿಮೀಟರ್. ಗುಂಡು ಹತ್ತು ಇಂಚಿನ ವೃತ್ತದ ಆಚೆಗೆ ಬಿತ್ತು. ಪ್ರತಿಸಲವೂ ಒಂದೇ ಪ್ರಮಾಣದ ತಪ್ಪಾದರೆ ಮೊದಲ ಪ್ರಾಯೋಗಿಕ ಹೊಡೆತಗಳಲ್ಲಿ ಅದನ್ನು ಸರಿಪಡಿಸಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ರೀತಿ ತಪ್ಪುವ ಸ್ಕೋಪ್‌ಗೆ ಮದ್ದಿಲ್ಲ.

ಇದನ್ನು ಒಂದೂ ಗುಂಡು ಹಾರಿಸದೆ ಪರೀಕ್ಷಿಸಬಹುದು. ಸ್ಕೋಪ್ ಅನ್ನು ರೈಫಲ್‌ನಿಂದ ಬಿಡಿಸಿ ಅಲುಗದ ಆಸರೆಗೆ ಭದ್ರವಾಗಿ ಕಟ್ಟಬೇಕು. ಸರಿಯಾಗಿ 100 ಮೀಟರ್ ದೂರದಲ್ಲಿ ಅಳತೆಪಟ್ಟಿಯನ್ನು ತೂಗುಗುಂಡಿನ ದಾರಕ್ಕೆ ಸರಿಯಾಗಿ ಲಂಬವಾಗಿ ನಿಲ್ಲಿಸಬೇಕು. ಗುಂಡಿಯನ್ನು 5 ಮಿಲ್ ತಿರುಗಿಸಿದರೆ ಗೆರೆ ಪಟ್ಟಿಯ ಮೇಲೆ ಸರಿಯಾಗಿ 50 ಸೆಂಟಿಮೀಟರ್ ಸರಿಯಬೇಕು. ದಾರದಿಂದ ಪಕ್ಕಕ್ಕೆ ಜಾರಬಾರದು. ಹಿಂದಕ್ಕೆ ತಿರುಗಿಸಿದಾಗ ಮೊದಲಿನ ಗುರುತಿಗೇ ಬರಬೇಕು. ಹತ್ತು ಸಲ ಮಾಡಿ ಹತ್ತು ಸಲವೂ ಹಾಗೆಯೇ ಬಂದರೆ ಅದು ಒಳ್ಳೆಯ ಸ್ಕೋಪ್. ಜರ್ಮನಿಯ ಶ್ಮಿಟ್ ಉಂಡ್ ಬೆಂಡರ್, ಅಮೆರಿಕದ ನೈಟ್‌ಫೋರ್ಸ್, ಜಪಾನಿನ ಮಾರ್ಚ್ ಮುಂತಾದ ಹೆಸರುಗಳಿಗೆ ಬಂದ ಗೌರವಕ್ಕೆ ಈ ನಂಬಿಕೆಯೇ ಮುಖ್ಯ ಕಾರಣ.

ಉಳಿದ ಮೂರು ವಿಷಯಗಳು

ಮೊದಲನೆಯದು ಪ್ಯಾರಲಾಕ್ಸ್. ಗೋಡೆ ಗಡಿಯಾರದ ಮುಳ್ಳನ್ನು ಎಡದಿಂದ ನೋಡಿದಾಗ ಒಂದು ನಿಮಿಷ, ಬಲದಿಂದ ನೋಡಿದಾಗ ಇನ್ನೊಂದು ನಿಮಿಷ ತೋರುವುದಿಲ್ಲವೇ? ಗುರಿಯ ಬಿಂಬವೂ ರೆಟಿಕಲ್ಲೂ ಒಂದೇ ಸಮತಲದಲ್ಲಿ ಇಲ್ಲದಿದ್ದರೆ ತಲೆ ಸರಿದಂತೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ದೂರದ ಗುರಿಗೆ ಹೊಡೆಯುವ ಸ್ಕೋಪ್‌ಗೆ ಇದನ್ನು ಸರಿಪಡಿಸುವ ಗುಂಡಿ ಇರಲೇಬೇಕು; ಸಾಮಾನ್ಯವಾಗಿ ಎಡಬದಿಯಲ್ಲಿ ಇರುತ್ತದೆ.

ಎರಡನೆಯದು ರೆಟಿಕಲ್‌ನ ಜಾಗ. ಮೊದಲ ಸಂಗಮ ಸಮತಲದಲ್ಲಿದ್ದರೆ ವರ್ಧನೆ ಏರಿಸಿದಂತೆ ಗೆರೆಗಳೂ ದಪ್ಪವಾಗುತ್ತವೆ. ಆದರೆ ಅವುಗಳ ಅಳತೆ ಎಲ್ಲ ವರ್ಧನೆಯಲ್ಲೂ ಸತ್ಯ. ಎರಡನೆಯ ಸಮತಲದಲ್ಲಿದ್ದರೆ ಗೆರೆ ಸದಾ ತೆಳ್ಳಗೆ. ಆದರೆ ಅಳತೆ ಒಂದೇ ವರ್ಧನೆಯಲ್ಲಿ ಸತ್ಯ. ಎಫ್-ಕ್ಲಾಸ್‌ನಂತೆ ದೂರ ಮೊದಲೇ ಗೊತ್ತಿರುವ ಸ್ಪರ್ಧೆಗೆ ಎರಡನೆಯದು ಒಳ್ಳೆಯದು, ಏಕೆಂದರೆ ತೆಳುಗೆರೆ ಚಿಕ್ಕ ವೃತ್ತವನ್ನು ಮುಚ್ಚುವುದಿಲ್ಲ. ಬೇರೆ ಬೇರೆ ದೂರದ ಗುರಿಗಳಿಗೆ ಅವಸರದಲ್ಲಿ ಹೊಡೆಯುವ ಸ್ಪರ್ಧೆಗಳಿಗೆ ಮೊದಲನೆಯದು.

ಮೂರನೆಯದು ಕಣ್ಣಿಗೂ ಸ್ಕೋಪ್‌ಗೂ ಇರಬೇಕಾದ ಅಂತರ. ಸುಮಾರು 9 ಸೆಂಟಿಮೀಟರ್ ಇದ್ದರೆ ಕ್ಷೇಮ. ಅದಕ್ಕಿಂತ ತೀರ ಕಡಿಮೆಯಿದ್ದರೆ ರೈಫಲ್‌ನ ಹಿಂದೊದೆತಕ್ಕೆ ಸ್ಕೋಪ್‌ನ ಅಂಚು ಹುಬ್ಬನ್ನು ಸೀಳುತ್ತದೆ. ಸ್ಪ್ರಿಂಗ್‌ನಿಂದ ಕೆಲಸ ಮಾಡುವ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಅದಕ್ಕೆಂದೇ ತಯಾರಿಸದ ಸ್ಕೋಪ್‌ನ ಒಳಭಾಗಗಳು ಅದರ ಮೇಲೆ ಬೇಗನೆ ಸಡಿಲವಾಗುತ್ತವೆ.

ಪಾಲಕರಿಗೆ

ಇಷ್ಟು ತಿಳಿದ ಮೇಲೆ ಕೊಳ್ಳುವ ಕ್ರಮ ಸರಳ. ಯಾವ ಸ್ಪರ್ಧೆ, ಅದರ ನಿಯಮ ಸ್ಕೋಪ್‌ಗೆ ಒಪ್ಪುತ್ತದೆಯೇ ಎಂದು ಮೊದಲು ತರಬೇತುದಾರರನ್ನು ಕೇಳಿ. ಒಪ್ಪುವುದಾದರೆ ಗುಂಡಿಯ ಪ್ರಾಮಾಣಿಕತೆಯನ್ನು ನೋಡಿ, ಅನಂತರ ಗಾಜನ್ನು ನೋಡಿ, ಅನಂತರ ಪ್ಯಾರಲಾಕ್ಸ್ ಗುಂಡಿ ಇದೆಯೇ ನೋಡಿ. ಎಷ್ಟು ಪಟ್ಟು ಎಂಬುದನ್ನು ಕೊನೆಗೆ ಕೇಳಿ. ಕೈಗೆ ಕೊಟ್ಟು ನೋಡಲು ಬಿಡದ, ಹಿಂದಿರುಗಿಸಲು ಒಪ್ಪದ ಕಡೆ ಕೊಳ್ಳಬೇಡಿ.

ಆ ತಂದೆ ಸ್ಕೋಪ್ ಕೊಳ್ಳಲಿಲ್ಲ. ಆ ಹಣ ಮಗಳು ವಾರಕ್ಕೆರಡು ದಿನ ಏರ್ ರೈಫಲ್ ತರಬೇತಿಗೆ ಹೋಗಿಬರುವ ಬಸ್ ಖರ್ಚಿಗೆ ಆಗುತ್ತಿದೆ. ಈಗ ಅವಳು ಹತ್ತನೆಯ ತರಗತಿ. ಬಾಲಭಾರತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ಮಸೂರದ ಪಾಠ ಬಂದ ದಿನ ಅವಳನ್ನೇ ಹಲಗೆಯ ಬಳಿಗೆ ಕರೆದೆ. 5-25×56 ಎಂದು ಬರೆದು, 56ನ್ನು 25ರಿಂದ ಭಾಗಿಸಿ, ಕಣ್ಣಿನ ಪಾಪೆಯ ಚಿತ್ರ ಬಿಡಿಸಿ ತೋರಿಸಿದಳು. ಅನಂತರ ಇಡೀ ತರಗತಿ ಮೈದಾನಕ್ಕೆ ಹೋಗಿ, ಹೆಬ್ಬೆರಳು ಚಾಚಿ, 100 ಮೀಟರ್ ಆಚೆಯ ಕಾಂಪೌಂಡ್ ಗೋಡೆಯ ಅಗಲವನ್ನು ಅಳೆಯಿತು. ಟೇಪು ಹಿಡಿದು ತಾಳೆ ನೋಡಿದಾಗ ಅವಳ ಲೆಕ್ಕ ಒಂದು ಗೇಣಿನಷ್ಟು ಮಾತ್ರ ತಪ್ಪಿತ್ತು. ಯಾರ ತೋಳು ಎಷ್ಟು ಉದ್ದ ಎಂದು ಮೊದಲೇ ಅಳೆದುಕೊಳ್ಳಬೇಕಿತ್ತು ಎಂದು ಅವಳೇ ಹೇಳಿದಳು.